ಮಗು ಗುಂಡಗಿದ್ದರೆ ಸಾಕೆ?

ಮಗು ಗುಂಡಗಿದ್ದರೆ ನಮಗೆಲ್ಲ ಸಂತೋಷ. "ಮೈಕೈ ತುಂಬ್ಕೊಂಡೈತೆ" ಅಂತ ಎತ್ತಿ ಮುದ್ದಾಡುತ್ತೇವೆ. ಹೊರಗಿನವರು ಹಾಗೆ ಅಂದರೆ ಸಂಜೆ ದೃಷ್ಟಿ ತೆಗೆಯುತ್ತೇವೆ. ಮಗು ಬಡಕಲಾಗಿದ್ದರೆ ಮಾತ್ರ ನಮಗೆ ಚಿಂತೆ.

ಆ ಚಿಂತೆ ಸುಳ್ಳಲ್ಲ. 2019ರಿಂದ 2021ರವರೆಗೆ ಸರ್ಕಾರ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸಿತು. ದೇಶದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಎತ್ತರಕ್ಕೆ ಮೀರಿ ತೂಕ ಇದ್ದ ಮಕ್ಕಳು 2015-16ರಲ್ಲಿ 1000ಕ್ಕೆ 21 ಇದ್ದರು. ಈ ಸಲ 34 ಆದರು. ಬಡಕಲು ಮಕ್ಕಳ ಪಕ್ಕದಲ್ಲೇ ಬೊಜ್ಜಿನ ಮಕ್ಕಳೂ ಹೆಚ್ಚುತ್ತಿದ್ದಾರೆ.

ನಮ್ಮೂರ ಅಂಗನವಾಡಿಯಲ್ಲಿ ತೂಕ ನೋಡುವ ದಿನ ಟೀಚರ್ ಒಂದು ಮಗುವಿನ ಅಜ್ಜಿಗೆ ಹೇಳಿದರು, "ಅಜ್ಜಿ, ಎತ್ತರಕ್ಕಿಂತ ತೂಕ ಜಾಸ್ತಿ ಆಗೈತೆ."

ಅಜ್ಜಿಗೆ ಸಿಟ್ಟು ಬಂತು. "ನಮ್ಮ ಕೂಸು ಚೆನ್ನಾಗಿ ಉಣ್ತೈತೆ, ನಿಂಗ್ಯಾಕವ್ವ ಸಂಕಟ?" ಅಂದುಬಿಟ್ಟರು.

ಅಜ್ಜಿಯನ್ನು ಬೈಯುವ ಹಾಗಿಲ್ಲ. ಹಸಿವು ಕಂಡ ಜೀವ ಅದು. ಆದರೆ ಬೊಜ್ಜು ಬಲ ಅಲ್ಲ. ಬೊಜ್ಜು ಬೆಳೆದ ಮಗುವಿಗೆ ಓಡಿದರೆ ಏದುಸಿರು. ಮಂಡಿ ನೋವು. ದೊಡ್ಡವನಾದ ಮೇಲೆ ಬರಬಹುದಾದ ಸಕ್ಕರೆ ಕಾಯಿಲೆ, ಬಿ.ಪಿ. ಬೇಗನೆ ಬರಬಹುದು. ಇನ್ನೊಂದು ನೋವು ತಕ್ಕಡಿಗೆ ಸಿಗುವುದಿಲ್ಲ. ಮೂರನೇ ಕ್ಲಾಸಿನ ಒಬ್ಬ ಹುಡುಗನನ್ನು ಜೊತೆಯ ಮಕ್ಕಳು "ಡ್ರಮ್ಮು" ಅಂತ ಕರೆಯುತ್ತಿದ್ದರು. ಅವನು ಹೊಟ್ಟೆನೋವು ಅಂತ ಹೇಳಿ ಸ್ಕೂಲಿಗೆ ಚಕ್ಕರ್ ಹೊಡೆಯತೊಡಗಿದ. ನಾವು ದೊಡ್ಡವರೂ ಅವನನ್ನು ಹಾಗೇ ಕರೆದು ನಕ್ಕಿದ್ದೆವು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತಪ್ಪು ಯಾರದು? ಎಲ್ಲರೂ ಅವನ ತಾಯಿಯ ಕಡೆ ಬೆರಳು ತೋರಿಸಿದರು. ಆಕೆ ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ರಾತ್ರಿ. ಮಗು ಹಟ ಮಾಡದಿರಲಿ ಅಂತ ಕೈಗೆ ಹತ್ತು ರೂಪಾಯಿ ಕೊಟ್ಟು ಹೋಗುತ್ತಾಳೆ. ಸ್ಕೂಲ್ ಗೇಟಿನ ಎದುರಿಗೇ ಅಂಗಡಿ. ಅಲ್ಲಿ ತೋರಣದ ಹಾಗೆ ನೇತಾಡುವ ಕುರುಕಲು ಪ್ಯಾಕೆಟ್ಟು, ಬಣ್ಣದ ಜ್ಯೂಸು. ನೆಂಟರು ಬಂದರೂ ಕೈಯಲ್ಲಿ ಕ್ರೀಮ್ ಬಿಸ್ಕತ್ತು. ಸಂಜೆ ಆಡೋಣ ಅಂದರೆ ಸ್ಕೂಲ್ ಮೈದಾನಕ್ಕೆ ಬೀಗ, ರಸ್ತೆಯಲ್ಲಿ ಲಾರಿ. ಉಳಿದದ್ದು ಮೊಬೈಲು. ಒಬ್ಬ ತಾಯಿ ಇಷ್ಟನ್ನೆಲ್ಲ ಎದುರಿಸಲು ಆಗುತ್ತದೆಯೇ?

ಅದೇ ಪ್ಯಾಕೆಟ್ಟು ಬಡಕಲು ಮಗುವಿನ ಕೈಯಲ್ಲೂ ಇದೆ. ಅದನ್ನು ತಿಂದು ಆ ಮಗುವಿಗೆ ಊಟ ಸೇರುವುದಿಲ್ಲ. ಮೈಗೆ ಬೇಕಾದ ಸತ್ವ ಇಬ್ಬರಿಗೂ ಸಿಗುವುದಿಲ್ಲ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ದಿನ ಖಾಲಿ ಬಾಟಲಿ, ಪ್ಯಾಕೆಟ್ಟು ತಂದು ಓದಲು ಕೂತೆವು. ಬರೆದದ್ದೆಲ್ಲ ಇಂಗ್ಲಿಷು, ಅದೂ ಇರುವೆಯಂಥ ಅಕ್ಷರ. ಕಷ್ಟಪಟ್ಟು ಅಕ್ಷರ ಕಲಿತ ನಮಗೆ ಇದು ಅನ್ಯಾಯ ಅನ್ನಿಸಿತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ ಹೇಳಿದಳು. ಅಂಕಿ ನಾವೇ ಓದಿದೆವು. 100 ಮಿ.ಲೀ. ಗೆ ಸಕ್ಕರೆ 11 ಗ್ರಾಂ. ಹಾಗಾದರೆ 300 ಮಿ.ಲೀ. ಬಾಟಲಿಗೆ 33 ಗ್ರಾಂ. ಒಂದು ಟೀ ಚಮಚಕ್ಕೆ ಸುಮಾರು 5 ಗ್ರಾಂ ಹಿಡಿಯುತ್ತದೆ. ಚಮಚದಲ್ಲಿ ಅಳೆದು ತಟ್ಟೆಗೆ ಸುರಿದೆವು. ಆರೂವರೆ ಚಮಚ! "ಕಾಫಿಗೆ ಎರಡು ಹಾಕಿದ್ರೆ ಬೈತೀನಿ ನಾನು" ಅಂದರು ಅದೇ ಅಜ್ಜಿ.

ಸ್ಕೂಲಿನ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದು. 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಈ ನಿಯಮ ಮಾಡಿದೆ. ಅಂಗಡಿಯವರಿಗೆ ಹೇಳಿದೆವು. "ನಾನು ಮಾರ್ದಿದ್ರೆ ಇನ್ನೊಬ್ಬ ಮಾರ್ತಾನಲ್ಲಕ್ಕ, ನನ್ನ ಹೊಟ್ಟೆಪಾಡು?" ಅಂದರು. ಅದೂ ನಿಜವೇ. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಬಾಳೆಹಣ್ಣು ಇಟ್ಟರೆ ನಾವೇ ಕೊಳ್ಳುತ್ತೇವೆ ಅಂತ ಒಪ್ಪಿಸಿದೆವು. ತೋರಣ ಅರ್ಧ ಇಳಿದಿದೆ. ಇನ್ನರ್ಧಕ್ಕೆ ಮಕ್ಕಳ ಗ್ರಾಮಸಭೆಯಲ್ಲಿ ಕೇಳಬೇಕು.

ಬೊಜ್ಜಿದೆ ಅಂತ ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ, ಸ್ಕೂಲಿನ ಬಿಸಿಯೂಟ ಎಲ್ಲ ತಿನ್ನಲಿ. ಬಿಡಬೇಕಾದ್ದು ಪ್ಯಾಕೆಟ್ಟು. ತೂಕ ಹೆಚ್ಚೋ ಅಲ್ಲವೋ ಕಣ್ಣಂದಾಜಿನಲ್ಲಿ ಹೇಳಬೇಡಿ. ಆರೋಗ್ಯ ಕೇಂದ್ರದಲ್ಲಿ ವಯಸ್ಸು, ಎತ್ತರ, ತೂಕ ಮೂರನ್ನೂ ನೋಡಿ ಹೇಳುತ್ತಾರೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಡ್‌ಮಾಸ್ಟರನ್ನು, ಎಸ್‌ಡಿಎಂಸಿಯವರನ್ನು ಕೇಳಿಕೊಂಡೆವು. ಈಗ ಸಂಜೆ ಐದರಿಂದ ಆರೂವರೆವರೆಗೆ ಮೈದಾನ ತೆರೆದಿರುತ್ತದೆ. ವಾರಕ್ಕೊಬ್ಬರು ಅಲ್ಲಿ ಕೂತಿರುತ್ತೇವೆ. ಮೂರನೇ ಕ್ಲಾಸಿನ ಹುಡುಗ ಮೊದಲು ಗೋಡೆ ಮೇಲೆ ಕೂತು ನೋಡುತ್ತಿದ್ದ. ಹೋದ ಶನಿವಾರ ಲಗೋರಿಗೆ ಇಳಿದ. ಬರುವ ವಾರ ಬೀಗದ ಕೈ ಅಜ್ಜಿಯ ಹತ್ತಿರ.