ಊರಿನ ಪಾರ್ಸೆಲ್: 'ಗಿಫ್ಟ್' ಅಂತ ಬರೆದರೆ ಸಾಕೇ?

ಹಬ್ಬಕ್ಕೆಂದು ಅಮ್ಮ ಊರಿಂದ ಸೀರೆ ಕಳಿಸಿದ್ದಾರೆ. ಬ್ರಿಟನ್ನಿನ ನಿಮ್ಮ ರೂಮಿಗೆ ಸೀರೆಯ ಬದಲು 'ಹಣ ಕಟ್ಟಿ' ಎನ್ನುವ ಚೀಟಿ ಬರುತ್ತೆ. ಗಿಫ್ಟ್ ಅಂತ ಬರೆದಿದ್ದೆವಲ್ಲ ಎಂದು ಸಿಟ್ಟು ಬರುವುದು ಸಹಜ.

ಇಲ್ಲಿನ ನಿಯಮದಲ್ಲಿ ಗಿಫ್ಟ್ ಎಂದರೆ ಒಬ್ಬ ವ್ಯಕ್ತಿ ಇನ್ನೊಬ್ಬರ ಸ್ವಂತ ಬಳಕೆಗೆ ಕಳಿಸಿದ್ದು. ಅಂಗಡಿಗೆ ನೀವೇ ದುಡ್ಡು ಕೊಟ್ಟು ತರಿಸಿದರೆ ಅದು ಖರೀದಿ, ಮೇಲೆ ಏನೇ ಬರೆದಿರಲಿ. ನಿಜವಾದ ಗಿಫ್ಟಿಗೂ ವಿನಾಯಿತಿ ಇರುವುದು 39 ಪೌಂಡಿನವರೆಗೆ ಮಾತ್ರ. ದಾಟಿದರೆ ವ್ಯಾಟ್, 135 ಪೌಂಡ್ ದಾಟಿದರೆ ಅದರ ಜೊತೆಗೆ ಕಸ್ಟಮ್ಸ್ ಸುಂಕ.

ಲೆಕ್ಕ ಹಾಕಿ ನೋಡಿ. ಸೀರೆ 60 ಪೌಂಡ್, ಅಂಚೆ ಖರ್ಚು 20. ವ್ಯಾಟ್ ಅಂಚೆ ಖರ್ಚಿಗೂ ಸೇರಿ ಬೀಳುತ್ತೆ: 80ಕ್ಕೆ 20% ಅಂದರೆ 16. ರಾಯಲ್ ಮೇಲ್‌ನವರ ನಿರ್ವಹಣಾ ಶುಲ್ಕ 8. ಒಟ್ಟು 24 ಪೌಂಡ್!

ಹಾಗಂತ ಫಾರ್ಮಿನಲ್ಲಿ ಬೆಲೆ ಇಳಿಸಿ ಬರೆಸಬೇಡಿ. ಕಸ್ಟಮ್ಸ್‌ನವರು ಪಾರ್ಸೆಲ್ ವಶಪಡಿಸಿಕೊಳ್ಳಬಹುದು. ದಾರಿಯಲ್ಲಿ ಕಳೆದುಹೋದರೆ ಪರಿಹಾರ ಕೇಳುವಾಗಲೂ ಆ ಕಡಿಮೆ ಬೆಲೆಯೇ ಅಡ್ಡ ಬರುತ್ತೆ. ಕಳಿಸುವ ಮುಂಚೆ ಮನೆಯವರ ಜೊತೆ ಫೋನಿನಲ್ಲಿ ಲೆಕ್ಕ ಮಾಡಿಕೊಳ್ಳಿ. ಧಾರವಾಡ ಪೇಡೆಯ ಆಸೆಯನ್ನಂತೂ ಬಿಡಿ. ಭಾರತದಿಂದ ಹಾಲಿನ ಪದಾರ್ಥ ತರಿಸುವಂತಿಲ್ಲ.

'ಪಾರ್ಸೆಲ್ ಶುಲ್ಕ ಬಾಕಿ' ಎಂದು ಮೊಬೈಲಿಗೆ ಮೆಸೇಜ್ ಬಂದರೆ ಅದರ ಲಿಂಕ್ ಒತ್ತಬೇಡಿ, ಮೋಸ ಇರಬಹುದು. ಚೀಟಿಯಲ್ಲಿರುವ ನಂಬರನ್ನು ರಾಯಲ್ ಮೇಲ್ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಸಾಮಾನ್ಯವಾಗಿ ಸುಮಾರು ಮೂರು ವಾರ ಪಾರ್ಸೆಲ್ ಇಟ್ಟಿರುತ್ತಾರೆ. ತೆರಿಗೆ ತಪ್ಪಾಗಿ ಹಾಕಿದ್ದಾರೆ ಅನಿಸಿದರೆ ಹಣ ಕಟ್ಟಿ ಬಿಡಿಸಿಕೊಂಡು, ಬಿಒಆರ್ 286 ಫಾರ್ಮ್ ತುಂಬಿ ವಾಪಸ್ ಕೇಳಬಹುದು. ಅದಕ್ಕೆ ಪಾರ್ಸೆಲ್ ಮೇಲಿನ ಲೇಬಲ್ ಹರಿದು ಬಿಸಾಡದೆ ಇಟ್ಟುಕೊಳ್ಳಿ.