ನೀರಾನೆ ಎಡವಿಸಿದ ಪಾಠ: ಸ್ವಾಹಿಲಿ ಗುಣವಾಚಕ ಕಲಿತ ಅನುಭವ

ಬೋಧನಾಭ್ಯಾಸದ ಎರಡನೇ ವಾರ, ಏಳನೇ ತರಗತಿಯ ಗಣಿತದ ಅವಧಿ. ಅನುಪಾತಕ್ಕೆ ಮನೆಯಿಂದಲೇ ಉದಾಹರಣೆ ಕೊಡಿ ಎಂದೆ. ಹಿಂದಿನ ಬೆಂಚಿನ ಹುಡುಗ ಎದ್ದು "ನಂಗೆ ಎರಡು ಅಣ್ಣ ಇದಾರೆ ಸಾರ್" ಎಂದು ಶುರು ಮಾಡಿದ. "ಎರಡು ಅಣ್ಣ ಅಲ್ಲಪ್ಪ, ಇಬ್ಬರು ಅಣ್ಣಂದಿರು. ಅಣ್ಣ ಏನು ಬಾಳೆಹಣ್ಣೇ?" ಎಂದೆ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಯಲ್ಲಿ ಉರ್ದು ಮಾತಾಡುವ ಹುಡುಗ. ಮುಂದಿನ ನಾಲ್ಕು ಪಾಠಗಳಲ್ಲಿ ಅವನು ಕೈ ಎತ್ತಲಿಲ್ಲ. ಅಂದಿನ ಅವಲೋಕನದಲ್ಲಿ ನನಗೆ 'ತರಗತಿ ಲವಲವಿಕೆಯಿಂದಿತ್ತು' ಎಂಬ ಷರಾ ಸಿಕ್ಕಿದೆ.

ಅದೇ ದಿನಗಳಲ್ಲಿ ಹಾಸ್ಟೆಲಿನ ಟಾಂಜಾನಿಯಾದ ಗೆಳೆಯನಿಂದ ಒಂದಿಷ್ಟು ಸ್ವಾಹಿಲಿ ಕಲಿಯಲು ಕೂತೆ. ನಾನು ವಿಜ್ಞಾನದವನು, ಹೊಸ ಭಾಷೆ ಕಲಿತು ಹತ್ತು ವರ್ಷದ ಮೇಲಾಗಿತ್ತು. ಗೆಳೆಯ ನಿಯಮ ಹೇಳಲಿಲ್ಲ, ಬರೀ ಜೋಡಿಗಳನ್ನು ಬರೆದ. ನಮ್ಮ ವಿಧಾನದ ಪಠ್ಯ ಇದನ್ನು ಅನುಗಮನ ಪದ್ಧತಿ ಎನ್ನುತ್ತದೆ. ಅವನಿಗೆ ಆ ಹೆಸರು ಗೊತ್ತಿದ್ದಂತಿರಲಿಲ್ಲ.

ಕಿತಾಬು ಕಿಕುಬ್ವ, ದೊಡ್ಡ ಪುಸ್ತಕ. ವಿತಾಬು ವಿಕುಬ್ವ, ದೊಡ್ಡ ಪುಸ್ತಕಗಳು. ಮ್ತಿ ಮ್ಕುಬ್ವ, ದೊಡ್ಡ ಮರ. ಮಿತಿ ಮಿಕುಬ್ವ, ದೊಡ್ಡ ಮರಗಳು. ಮ್ತೋತೊ ಮ್ಕುಬ್ವ, ದೊಡ್ಡ ಮಗು; ವತೋತೊ ವಕುಬ್ವ, ದೊಡ್ಡ ಮಕ್ಕಳು. 'ದೊಡ್ಡ' ಎಂಬುದರ ಮೂಲ 'ಕುಬ್ವ' ಅಷ್ಟೇ. ಅದು ನಾಮಪದದ ಹಿಂದೆ ಬರುತ್ತದೆ, ನಾಮಪದದ ತಲೆಯ ಮೇಲಿನ ಟೋಪಿಯನ್ನೇ ತಾನೂ ಹಾಕಿಕೊಳ್ಳುತ್ತದೆ. ಗಂಡು ಹೆಣ್ಣೆಂಬ ಲಿಂಗಭೇದ ಇಲ್ಲ. ಬದಲಿಗೆ ನಾಮಪದಗಳೆಲ್ಲ ವರ್ಗಗಳಲ್ಲಿ ಹಂಚಿಹೋಗಿವೆ. ಕನ್ನಡದಲ್ಲಿ ಮನೆಯಾಗಲಿ ಮನೆಗಳಾಗಲಿ, 'ದೊಡ್ಡ' ಕದಲುವುದೇ ಇಲ್ಲ. ಹಾಗಾಗಿ ನನ್ನ ನಾಲಿಗೆ ಪ್ರತಿ ಸಲ ಬರೀ 'ಕುಬ್ವ' ಎಂದು ನಿಂತುಬಿಡುತ್ತಿತ್ತು. ಕಷ್ಟವೆಂದರೆ ಕೆಲವು ಕಡೆ ಅದೇ ಸರಿ: ನ್ಯುಂಬ ಕುಬ್ವ ಎಂದರೆ ದೊಡ್ಡ ಮನೆ, ಟೋಪಿ ಇಲ್ಲ. ಅರಬ್ಬಿಯಿಂದ ಬಂದ ಸಾಫಿ (ಶುಚಿಯಾದ), ಹೊದಾರಿ (ಸಮರ್ಥ) ಮುಂತಾದ ಗುಣವಾಚಕಗಳೂ ಯಾವ ವರ್ಗದ ಜೊತೆಗೂ ಬದಲಾಗುವುದಿಲ್ಲ.

'ಕಿತಾಬು' ಕೂಡ ಅರಬ್ಬಿಯದೇ, ನಮ್ಮ ಉರ್ದು ಕಿತಾಬಿನ ನಂಟ. ಅರಬ್ಬಿಯಲ್ಲಿ ಆ 'ಕಿ' ಪದದ ಒಡಲಿನ ಭಾಗ. ಸ್ವಾಹಿಲಿಯವರ ಕಿವಿಗೆ ಅದು ತಮ್ಮ 'ಕಿ' ವರ್ಗದ ಟೋಪಿಯಂತೆ ಕೇಳಿಸಿತು, ಬಹುವಚನ 'ವಿತಾಬು' ಆಯಿತು. ಅರಬ್ಬಿ ಮೇಷ್ಟರಿಗೆ ಇದು ತಪ್ಪು ಉತ್ತರ. ಇವತ್ತು ಪೂರ್ವ ಆಫ್ರಿಕದ ಶಾಲಾ ಪುಸ್ತಕಗಳಲ್ಲಿ ಅದೇ ಸರಿಯುತ್ತರ.

ಎರಡನೇ ಸಂಜೆಗೆ ನನಗೆ ಧೈರ್ಯ ಬಂದಿತ್ತು. 'ಕಿಬೋಕೊ' ಎಂದರೆ ನೀರಾನೆ ಎಂದ. ತಕ್ಷಣ "ಕಿಬೋಕೊ ಕಿಕುಬ್ವ!" ಎಂದೆ. ಅವನು ನಗಲಿಲ್ಲ. ನಾನು ಯಾವ ನಿಯಮ ಹಿಡಿದು ಹೇಳಿದೆ ಎಂದು ಕೇಳಿದ. ಹೇಳಿದೆ. ಆ ನಿಯಮ ಸರಿಯಾಗಿಯೇ ಇದೆ, ಆದರೆ ಜೀವವಿರುವ ಪ್ರಾಣಿಗೆ ಹೆಸರಿನ ಟೋಪಿ ಯಾವುದಿದ್ದರೂ ಗುಣವಾಚಕ ಮನುಷ್ಯರ ವರ್ಗದ್ದೇ ಎಂದ: ಕಿಬೋಕೊ ಮ್ಕುಬ್ವ, ಬಹುವಚನದಲ್ಲಿ ವಿಬೋಕೊ ವಕುಬ್ವ. ಹಾಗಾದರೆ ನಾನು ಹೇಳಿದ್ದಕ್ಕೆ ಅರ್ಥವೇ ಇಲ್ಲವೇ ಎಂದೆ. ಇದೆ, ಕಿಬೋಕೊ ಎಂದರೆ ಚಾಟಿಯೂ ಹೌದು. ನೀನು ಹೇಳಿದ್ದು 'ದೊಡ್ಡ ಚಾಟಿ' ಎಂದ. ಆಗ ನಕ್ಕ. ನನಗೆ ಬಾಳೆಹಣ್ಣು ನೆನಪಾಯಿತು.

ಮೂರನೇ ಸಂಜೆ ಸಂಖ್ಯೆಗಳು. ವಿತಾಬು ವಿವಿಲಿ, ಎರಡು ಪುಸ್ತಕ. ವತೋತೊ ವವಿಲಿ, ಇಬ್ಬರು ಮಕ್ಕಳು. ಇಲ್ಲಿ ಮಾತ್ರ ನಾನು ಒಮ್ಮೆಯೂ ತಪ್ಪಲಿಲ್ಲ, ಏಕೆಂದರೆ ಎರಡು, ಇಬ್ಬರು ಎಂಬ ಭೇದ ನನ್ನ ಬಾಯಲ್ಲೇ ಇತ್ತು. ಸ್ವಾಹಿಲಿಯಲ್ಲಿ 1ರಿಂದ 5 ಮತ್ತು 8 ಹೀಗೆ ಹೊಂದಿಕೊಳ್ಳುತ್ತವೆ. ಅರಬ್ಬಿಯಿಂದ ಬಂದ 6, 7, 9 ಹೊಂದಿಕೊಳ್ಳುವುದಿಲ್ಲ. ಉರ್ದುವಿನಲ್ಲಿ ಅಣ್ಣಂದಿರಿಗೂ ಪುಸ್ತಕಕ್ಕೂ 'ದೋ' ಒಂದೇ. ಆದರೆ 'ಬಡಾ ಘರ್, ಬಡೀ ಕಿತಾಬ್' ಎಂದು ಗುಣವಾಚಕ ಬದಲಾಗುತ್ತದೆ. ಆ ಹುಡುಗ ನಮ್ಮ ಜೊತೆ ಕೂತಿದ್ದರೆ ಮೊದಲ ಸಂಜೆ ನನಗಿಂತ ಬೇಗ ಕಲಿಯುತ್ತಿದ್ದ ಎಂದೇ ನನ್ನ ಅನಿಸಿಕೆ.

ಕೊನೆಯ ವಾರ ಅದೇ ತರಗತಿಯಲ್ಲಿ ಹಲಗೆಯ ಮೇಲೆ 'ಇಬ್ಬರು ಅಣ್ಣಂದಿರು, ಎರಡು ಪುಸ್ತಕ' ಎಂದು ಬರೆದು, ನಿಮ್ಮ ಮನೆಮಾತಿನಲ್ಲಿ ಹೇಗೆ ಎಂದು ಎಲ್ಲರನ್ನೂ ಕೇಳಿದೆ. ಅವನನ್ನು ಹೆಸರಿಡಿದು ಕರೆಯಲಿಲ್ಲ. ತಮಿಳು ಬಂತು, ತೆಲುಗು ಬಂತು. ಕೊನೆಗೆ ಅವನು ಕೂತಲ್ಲಿಂದಲೇ "ದೋ ಭಾಯಿ, ದೋ ಕಿತಾಬ್" ಎಂದ. ನಾನು ಬರೆದೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ನಿಂತು ಕೇಳಿದ: "ಸಾರ್, ಇಬ್ಬರು, ಮೂವರು, ನಾಲ್ವರು, ಐವರು ಅಂತೀರಲ್ಲ, ಆರಕ್ಕೆ ಯಾಕೆ ಆರು ಜನ ಅಂತೀರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡ ಮೇಡಂ ಹತ್ತಿರ ಕೇಳಿ ಹೇಳುತ್ತೇನೆ ಎಂದೆ. ಹಿಂದೆ ಕೂತಿದ್ದ ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು: 'ಗಣಿತದ ಅವಧಿಯಲ್ಲಿ 9 ನಿಮಿಷ ವಿಷಯಾಂತರ.'