ಫ್ರಿಜ್ ಸದ್ದು ಮಾಡಿದರೆ ಮೊದಲು ಕಿವಿ, ಆಮೇಲೆ ಪರ್ಸು

‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು.’ ಫ್ರಿಜ್ ರಿಪೇರಿಗೆ ಬಂದವರು ಆಗಾಗ ಹೇಳುವ ಮಾತಿದು. ಮೈಸೂರಿನ ಈ ಅಂಕಣಕಾರ್ತಿಯ ಮನೆಯಲ್ಲೂ ಕಳೆದ ಬೇಸಿಗೆಯಲ್ಲಿ ಇದೇ ಮಾತು ಕೇಳಿಬಂತು. ಅಲ್ಲಿ ಫ್ರೀಜರಿನ ಐಸ್ ಕಲ್ಲಿನಂತೆ ಗಟ್ಟಿಯಿತ್ತು, ಕೆಳಗಿಟ್ಟ ಹಾಲು ಮಾತ್ರ ಒಡೆಯುತ್ತಿತ್ತು. ಒಳಗಿನಿಂದ ಕರಕರ ಸದ್ದು ಬೇರೆ. ಗ್ಯಾಸ್ ಹೋಗಿದ್ದರೆ ಫ್ರೀಜರೂ ಸೋಲಬೇಕಿತ್ತಲ್ಲ ಎಂದು ಅವರು ಯೋಚಿಸಿದರು. ದುಡ್ಡು ಕೊಡುವ ಮುನ್ನ ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ಹಗಲು, ಒಂದು ರಾತ್ರಿ ಬಿಟ್ಟರು. ಫ್ಯಾನಿನ ರೆಕ್ಕೆಗೆ ತಾಗುತ್ತಿದ್ದ ಐಸ್ ಕರಗಿತು, ಸದ್ದು ನಿಂತಿತು, ಕೆಳಗೂ ತಂಪಾಯಿತು. ಕೆಲವು ವಾರಗಳಲ್ಲಿ ಐಸ್ ಮತ್ತೆ ಕಟ್ಟಿದಾಗ ಬದಲಾಯಿಸಬೇಕಾಗಿ ಬಂದದ್ದು ಡಿಫ್ರಾಸ್ಟ್ ಸೆನ್ಸರ್ ಒಂದನ್ನೇ. ಅದರ ಬೆಲೆ ಗ್ಯಾಸ್ ತುಂಬಿಸುವ ಖರ್ಚಿನ ಹತ್ತಿರಕ್ಕೂ ಬರಲಿಲ್ಲ.

ಫ್ರಿಜ್‌ನ ಗ್ಯಾಸ್ ಬಳಸಿದಷ್ಟೂ ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಕಂಪ್ರೆಸರ್ ಅದನ್ನು ಒತ್ತುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಒಳಗೆ ಕುದಿದು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ. ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿ ಹಿಡಿಯುತ್ತದೆ, ಅದರ ಜತೆಗೆ ಕೊಟ್ಟ ಹಣವೂ. ಹಾಗಾಗಿ ‘ಸೋರಿಕೆ ಎಲ್ಲಿದೆ? ಅದನ್ನು ಹೇಗೆ ಮುಚ್ಚುತ್ತೀರಿ?’ ಎಂದು ಮೊದಲೇ ಕೇಳಬೇಕು. ಈಗಿನ ಬಹುತೇಕ ಮನೆಬಳಕೆಯ ಫ್ರಿಜ್‌ಗಳಲ್ಲಿರುವುದು ಆರ್600ಎ, ಅಂದರೆ ಬೆಂಕಿ ಹತ್ತಿಕೊಳ್ಳುವ ಐಸೊಬ್ಯುಟೇನ್. ಅದರ ಕೊಳವೆಗೆ ಬೆಸುಗೆ ಹಾಕುವ ಕೆಲಸವನ್ನು ತರಬೇತಿ ಪಡೆದವರಿಗೇ ವಹಿಸಬೇಕು.

ಎಲ್ಲ ಸದ್ದೂ ರೋಗದ ಲಕ್ಷಣವಲ್ಲ. ಕಂಪ್ರೆಸರ್ ನಿಂತಾಗ ಕೇಳುವ ಗುಳುಗುಳು ಸದ್ದು ಒಳಗಿನ ಗ್ಯಾಸ್ ಹರಿದು ಒತ್ತಡ ಸಮನಾಗುವುದರದು. ಪಟ್ ಎಂಬ ಸದ್ದು ತಂಪಿಗೆ ಪ್ಲಾಸ್ಟಿಕ್ ಕುಗ್ಗಿ ಹಿಗ್ಗುವುದರಿಂದ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಚುಯ್ ಎಂದರೆ ಕರಗಿದ ನೀರು ಡಿಫ್ರಾಸ್ಟ್ ಹೀಟರಿನ ಮೇಲೆ ಬಿದ್ದಿದೆ. ಇನ್ವರ್ಟರ್ ಕಂಪ್ರೆಸರ್ ನಿಧಾನ ವೇಗದಲ್ಲಿ ಬಹಳ ಹೊತ್ತು ಓಡುವಂತೆಯೇ ತಯಾರಾದದ್ದು; ಅದು ನಿಲ್ಲುತ್ತಿಲ್ಲವೆಂದು ಗಾಬರಿಯಾಗಿ ಯಾರನ್ನೂ ಕರೆಸಬೇಕಿಲ್ಲ.

ಗಡಗಡ ಸದ್ದಿಗೆ ಮನೆಯಲ್ಲೇ ಮದ್ದಿದೆ. ನಾಲ್ಕೂ ಕಾಲು ನೆಲಕ್ಕೆ ಕೂತಿವೆಯೇ, ಹಿಂದಿನ ಕೊಳವೆ ಗೋಡೆಗೆ ತಾಗುತ್ತಿದೆಯೇ, ಕಂಪ್ರೆಸರ್ ಮೇಲಿನ ನೀರಿನ ಟ್ರೇ ಸಡಿಲವಾಗಿದೆಯೇ ಎಂದು ನೋಡಿದರೆ ಸಾಕು. ಮೇಲಿಟ್ಟ ಡಬ್ಬಿಗಳನ್ನೂ ಒಮ್ಮೆ ಇಳಿಸಿ ನೋಡಬೇಕು.

ನಿಜವಾಗಿ ಎಚ್ಚರ ಬೇಕಿರುವುದು ಮತ್ತೊಂದು ಸದ್ದಿಗೆ. ಟಕ್ ಎಂದು ಶುರುವಾಗಿ, ಕೆಲವು ಸೆಕೆಂಡು ಗುಂಯ್‌ಗುಟ್ಟಿ, ಮತ್ತೆ ಟಕ್ ಎಂದು ನಿಂತು, ಕೆಲವು ನಿಮಿಷ ಬಿಟ್ಟು ಇದೇ ಮರುಕಳಿಸಿದರೆ ಕಂಪ್ರೆಸರ್ ಹೊರಡಲಾಗದೆ ಒದ್ದಾಡುತ್ತಿದೆ. ಕಾರಣ ಕಡಿಮೆ ವೋಲ್ಟೇಜ್ ಇರಬಹುದು, ಅದನ್ನು ಹೊರಡಿಸುವ ರಿಲೇ ಕೆಟ್ಟಿರಬಹುದು, ಕಂಪ್ರೆಸರೇ ಇರಬಹುದು. ರಿಲೇ ಅಗ್ಗದ ಬಿಡಿಭಾಗ, ಕಂಪ್ರೆಸರ್ ಎಲ್ಲಕ್ಕಿಂತ ದುಬಾರಿ. ಆದ್ದರಿಂದ ವೋಲ್ಟೇಜ್ ಮತ್ತು ರಿಲೇ ಪರೀಕ್ಷೆ ಮುಗಿಯುವವರೆಗೆ ಕಂಪ್ರೆಸರ್ ಬದಲಿಸಲು ಒಪ್ಪಬಾರದು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಕರೆಂಟ್ ಬಂದ ಮೇಲೆ ಐದು ನಿಮಿಷ ತಡೆದು ಸ್ವಿಚ್ ಹಾಕುವುದು ಒಳ್ಳೆಯದು. ಕೊಳವೆಯ ಒತ್ತಡ ಸಮನಾಗಲು ಅಷ್ಟು ಸಮಯ ಬೇಕು. ವೋಲ್ಟೇಜ್ ಪದೇ ಪದೇ ಇಳಿಯುವ ಕಡೆ ಸ್ಟೆಬಿಲೈಸರ್‌ಗೆ ಹಾಕಿದ ಹಣ ವ್ಯರ್ಥವಲ್ಲ.

ಹಳೆಯ ಒಂಟಿ ಬಾಗಿಲಿನ ಫ್ರಿಜ್ ಇರುವವರು ಫ್ರೀಜರಿನ ಐಸನ್ನು ಚಾಕುವಿನಿಂದ ಕೆರೆಯಲೇಬಾರದು. ಅಲ್ಲಿನ ಗೋಡೆಯಲ್ಲೇ ಗ್ಯಾಸಿನ ತೆಳು ಕೊಳವೆ ಹರಿದಿರುತ್ತದೆ. ಒಂದು ತೂತು ಬಿದ್ದರೆ ಸಾವಿರಾರು ರೂಪಾಯಿಯ ಕೆಲಸ. ಡಿಫ್ರಾಸ್ಟ್ ಗುಂಡಿ ಒತ್ತಿ ಕಾಯುವುದಕ್ಕೆ ಕಾಸೂ ಖರ್ಚಿಲ್ಲ.

ಸದ್ದೇ ಮಾಡದೆ ಹಣ ತಿನ್ನುವ ದೋಷವೂ ಒಂದಿದೆ: ಸಡಿಲವಾದ ಬಾಗಿಲಿನ ರಬ್ಬರ್. ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಹಿಡಿತವಿಲ್ಲದೆ ಜಾರಿ ಬಂದರೆ ಅಲ್ಲಿ ತಂಪೂ ಸೋರುತ್ತಿದೆ. ರಬ್ಬರಿನ ಮಡಿಕೆಯಲ್ಲಿ ಒಣಗಿದ ಇಡ್ಲಿ ಹಿಟ್ಟನ್ನು ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದರೆ ಎಷ್ಟೋ ಸಲ ಬಿಗಿ ಮರಳುತ್ತದೆ. ಕರ್ನಾಟಕದ ಮನೆಗಳಿಗೆ ಈ ಸೋರಿಕೆಯ ಕರೆಂಟ್ ಖರ್ಚು ದೊಡ್ಡ ಲೆಕ್ಕವೇ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಆ ಗಡಿಯ ಸಮೀಪದಲ್ಲಿರುವ ಮನೆಗೆ ಬಿಡುವಿಲ್ಲದೆ ಓಡುವ ಫ್ರಿಜ್ ಒಂದೇ ಸಾಕು, ಉಚಿತ ಕೈತಪ್ಪಲು.

ಇಷ್ಟೆಲ್ಲ ನೋಡಿದ ಮೇಲೂ ಮೆಕ್ಯಾನಿಕ್ ಬೇಕಾದರೆ ವಾರಂಟಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ‘ಕಂಪ್ರೆಸರ್‌ಗೆ 10 ವರ್ಷ’ ಎಂಬ ಸಾಲಿನ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಗ್ಯಾಸ್, ಕೂಲಿ, ಸಾಗಣೆ ಸೇರಿಲ್ಲವೆಂದು ಬರೆದಿರುವುದುಂಟು. ಸದ್ದು ಬಂದಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡುವುದು ಈ ಅಂಕಣಕಾರ್ತಿಯ ಮನೆಯ ರೂಢಿ, ಏಕೆಂದರೆ ಮೆಕ್ಯಾನಿಕ್ ಬಂದ ಹೊತ್ತಿಗೆ ಫ್ರಿಜ್ ಸುಮ್ಮನಿರಬಹುದು. ಅಂದಾಜು ಖರ್ಚನ್ನು ಮೊದಲೇ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ, ರಶೀದಿ ಪಡೆಯಿರಿ. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆ ಕರೆ ಮಾಡುವಾಗ ರಶೀದಿ ಕೈಯಲ್ಲಿರಲಿ.